ಅಕ್ಕಪಕ್ಕದ ಭಾಷೆಗಳ ನಂಟು ಅಳೆಯುವುದು ಹೇಗೆ?

ಭಾಗಮಂಡಲ ಟೀಚರ್:
ಕೊಡಗಿನಲ್ಲಿರುವ ನಮ್ಮ ಮನೆಯಲ್ಲಿ ಅರೆಭಾಷೆ (ಕನ್ನಡದ್ದೇ ಒಂದು ರೂಪ), ಪಕ್ಕದ ಮನೆಯಲ್ಲಿ ಕೊಡವರ ಭಾಷೆ ಕೊಡವ ತಕ್ಕ್. ತೋಟದ ಕೆಲಸಕ್ಕೆ ಬರುವ ಎರವ ಬುಡಕಟ್ಟಿನವರು ತಮ್ಮತಮ್ಮಲ್ಲಿ ತಮ್ಮ ಎರವ ಭಾಷೆ ಮಾತಾಡುತ್ತಾರೆ. ಈಚೆಗೆ ಬೋರ್ನಿಯೋ ದ್ವೀಪದ ಮೂಲ ನಿವಾಸಿಗಳಾದ ದಯಾಕ್ ಜನರ ಭಾಷೆಗಳ ಬಗ್ಗೆ ಓದಿದೆ. ಅಲ್ಲಿರುವ ಮಲೇಷ್ಯಾದ ಸರವಾಕ್ ರಾಜ್ಯದಲ್ಲಿ ಇಬಾನ್ ಮತ್ತು ಬಿದಾಯು ಜನ ಅಕ್ಕಪಕ್ಕದಲ್ಲೇ ಇದ್ದಾರೆ. ಇಬ್ಬರಿಗೂ ದಯಾಕ್ ಅಂತಲೇ ಹೆಸರು. ಆದರೆ ಇಬಾನ್ ಮಾತು ಬಿದಾಯುಗಿಂತ ಮಲೇಷ್ಯಾದ ಮಲಯ ಭಾಷೆಗೇ (ನಮ್ಮ ಮಲಯಾಳ ಅಲ್ಲ) ಜಾಸ್ತಿ ಹತ್ತಿರ! ಇದನ್ನು ಹೇಗೆ ಕಂಡುಹಿಡಿಯುತ್ತಾರೆ? ನಮ್ಮಲ್ಲೂ ಮಾಡಬಹುದಾ? "ಕೊಡವ ತಕ್ಕ್ ಕನ್ನಡದ್ದೇ ಒಂದು ರೂಪ ಅಲ್ವಾ" ಅಂತ ಯಾರಾದರೂ ಸುಮ್ನೆ ಹೇಳಿಬಿಟ್ಟರೆ ನನಗೆ ಬೇಜಾರಾಗುತ್ತದೆ. ಉತ್ತರ ಕೊಡಲು ಗಟ್ಟಿ ಆಧಾರ ಬೇಕು.

ಪದಪ್ರೀತಿ, ಮೈಸೂರು:
ಟೀಚರ್, ಹಳೆಯ ದಾರಿ ಅಂದರೆ ಭಾಷಾವಿಜ್ಞಾನಿ ಮಾರಿಸ್ ಸ್ವಾದೇಶ್ ಅವರ ಪದಪಟ್ಟಿ. 1950ರ ದಶಕದ್ದು. ಕಣ್ಣು, ನೀರು, ಕಲ್ಲು, ಸಾಯು, ಇಂಥ 100 ಪದ ಹಿಡಿದು, ಎರಡು ಭಾಷೆಯಲ್ಲಿ ಒಂದೇ ಬೇರಿನವು ಎಷ್ಟು ಅಂತ ಎಣಿಸುತ್ತಾರೆ. ಸದ್ದು ಒಂದೇ ಇರಬೇಕಿಲ್ಲ, ಬದಲಾವಣೆಗೆ ಒಂದು ಕ್ರಮ ಇರಬೇಕು. ಮಲಯದಲ್ಲಿ ಕಲ್ಲು ಬಾತು, ಚಂದ್ರ ಬುಲಾನ್. ಮಡಗಾಸ್ಕರದಲ್ಲಿ ವಾತು, ವುಲಾನ. ಎರಡರಲ್ಲೂ ಬ ಇದ್ದಲ್ಲಿ ವ. ಬೋರ್ನಿಯೋದ ಬರಿತೋ ನದಿ ಕಡೆಯ ಮಾನ್ಯಾನ್ ಭಾಷೆಗೂ ಅಷ್ಟು ದೂರದ ಮಡಗಾಸ್ಕರಕ್ಕೂ ಇರುವ ನಂಟನ್ನು ನಾರ್ವೆಯ ಭಾಷಾವಿಜ್ಞಾನಿ ಒಟ್ಟೊ ದಾಲ್ 1951ರಲ್ಲಿ ಪುಸ್ತಕವನ್ನೇ ಬರೆದು ತೋರಿಸಿದರು.

ಕುಶಾಲನಗರದವ:
ಎಣಿಸುವುದು ಸುಲಭ ಟೀಚರ್, ಸಾಲ ತಂದ ಪದ ಬೇರೆ ಮಾಡುವುದೇ ಕಷ್ಟ. ಮಲಯದಲ್ಲಿ ತಲೆಗೆ ಕೆಪಾಲ ಅಂತಾರೆ. ಅದು ಸಂಸ್ಕೃತದ ಕಪಾಲವೇ! ಹಾಗಂತ ಮಲಯ ಸಂಸ್ಕೃತದ ನೆಂಟ ಅಲ್ಲವಲ್ಲ.
ಕತೆ ರೆಕಾರ್ಡ್ ಮಾಡಿ ಕೇಳಿಸಿ, ಎಷ್ಟು ಅರ್ಥವಾಯಿತು ಅಂತ ಪ್ರಶ್ನೆ ಕೇಳುವ ಕ್ರಮವೂ ಇದೆ. ನಮ್ಮಲ್ಲಿ ಅದಕ್ಕೆ ಹುಷಾರಾಗಿರಬೇಕು. ಎಷ್ಟೋ ಎರವರಿಗೆ ಕೊಡವ ತಕ್ಕ್ ಚೆನ್ನಾಗಿ ಬರುತ್ತದೆ, ಕೊಡವರಿಗೆ ಎರವ ಬರುವುದು ಕಡಿಮೆ. ಅದು ತಲೆಮಾರುಗಳಿಂದ ತೋಟದ ಕೆಲಸದಲ್ಲಿ ಕಲಿತದ್ದು, ಭಾಷೆಗಳ ನಂಟಿಗೆ ಸಾಕ್ಷಿಯಲ್ಲ.

ಭಾಗಮಂಡಲ ಟೀಚರ್:
ಇಬ್ಬರಿಗೂ ಥ್ಯಾಂಕ್ಸ್. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಕೊಡವ ತಕ್ಕ್‌ನಲ್ಲಿ ನರಿ ಅಂದರೆ ಹುಲಿ. ಹುಲಿ ಕೊಂದವನಿಗೆ ಮಾಡುತ್ತಿದ್ದ ನರಿ ಮಂಗಲ ನಮಗೆಲ್ಲ ಗೊತ್ತಲ್ಲ. ಇದಕ್ಕೆ ಕನ್ನಡದ ಜೊತೆ ಅಂಕ ಕೊಡಬೇಕಾ? ಮತ್ತೆ ಕೊಡವರ ಪಾಲ್, ಮಲಯಾಳದ ಪಾಲ್ ಒಂದೇ, ನಮ್ಮದು ಹಾಲು. ಅಂದರೆ ಕೊಡವ ತಕ್ಕ್ ಮಲಯಾಳದ ಕಡೆಗಾ?

ಪದಪ್ರೀತಿ, ಮೈಸೂರು:
ಪಟ್ಟಿ ನಡೆಯುವುದು ಅರ್ಥದ ಮೇಲೆ. ಹಾಗಾಗಿ 'ಹುಲಿ' ಸಾಲಿನಲ್ಲಿ ನರಿಗೆ ಸೊನ್ನೆ. ಆದರೆ ಪಕ್ಕದಲ್ಲಿ ಬರೆದಿಡಿ, ಬೇರಿನ ಲೆಕ್ಕಕ್ಕೆ ಬೇಕಾಗುತ್ತದೆ.
ಹಾಲಿನ ವಿಷಯದಲ್ಲಿ ಅವಸರ ಬೇಡ. ಹಳಗನ್ನಡದಲ್ಲೂ ಪಾಲ್ ಅಂತಲೇ ಇತ್ತು, ಆಮೇಲೆ ಕನ್ನಡ ಪ ಬಿಟ್ಟು ಹ ಹಿಡಿಯಿತು. ಹಳೆಯದನ್ನು ಇಬ್ಬರೂ ಉಳಿಸಿಕೊಂಡರೆ ಅದು ವಿಶೇಷ ನಂಟಲ್ಲ. ಹೊಸ ಬದಲಾವಣೆ ಇಬ್ಬರಲ್ಲೂ ಒಂದೇ ಥರ ಆಗಿದ್ದರೆ ಆಗ ನಂಟು. ಅದಕ್ಕೇ ಕನ್ನಡ, ಅರೆಭಾಷೆಯ ಜೊತೆ ಮಲಯಾಳ, ತುಳು, ತಮಿಳಿಗೂ ಕಾಲಂ ಹಾಕಿ. ಎರವ ಪದಗಳನ್ನು ಹಾಡಿಯಲ್ಲಿ ವಯಸ್ಸಾದವರ ಬಾಯಿಂದಲೇ ಬರೆದುಕೊಳ್ಳಿ.