ಆಫೀಸಿನ ಪದ್ಧತಿ ಬದಲಿಸಬೇಕು, ಹಿರಿಯ ಪಾರ್ಟ್‌ನರ್ ಒಪ್ಪುತ್ತಿಲ್ಲ. ಏನು ಮಾಡಲಿ?

ದಾವಣಗೆರೆ ಸಿಎ:
ನಮ್ಮದು ನಾಲ್ಕು ಪಾರ್ಟ್‌ನರ್‌ಗಳ ಸಿಎ ಆಫೀಸು. ಸಿಎ ಓದುತ್ತಾ ನಮ್ಮಲ್ಲಿ ಕೆಲಸ ಕಲಿಯುವ ಆರ್ಟಿಕಲ್ ಹುಡುಗರು, ಸ್ಟಾಫ್ ಎಲ್ಲ ಸೇರಿ 19 ಜನ. ಪಾರ್ಟ್‌ನರ್‌ಗಳಲ್ಲಿ ನಾನೇ ಚಿಕ್ಕವಳು. ಆಡಿಟ್ ಫೈಲುಗಳೆಲ್ಲ ಕಂಪ್ಯೂಟರಿನಲ್ಲಿ ಒಂದೇ ಕಡೆ ಇರಬೇಕು, ಯಾವ ಕೆಲಸ ಯಾರ ಹತ್ತಿರ ನಿಂತಿದೆ ಅಂತ ಎಲ್ಲರಿಗೂ ಕಾಣಬೇಕು ಅನ್ನೋದು ನನ್ನ ಆಸೆ. ಕಳೆದ ಆಗಸ್ಟ್‌ನಲ್ಲಿ ಸಾಫ್ಟ್‌ವೇರ್ ತಂದೆವು. ಸೆಪ್ಟೆಂಬರ್ ಮೊದಲ ವಾರಕ್ಕೇ ಎಲ್ಲರೂ ಕೈಬಿಟ್ಟರು.

ಹಿರಿಯ ಪಾರ್ಟ್‌ನರ್ ಸರ್‌ಗೆ 66 ವರ್ಷ. ನಾನು ಆರ್ಟಿಕಲ್‌ಶಿಪ್ ಮಾಡಿದ್ದೂ ಅವರ ಹತ್ತಿರವೇ. ಅವರದೊಂದು ನೀಲಿ ಡೈರಿ ಇದೆ. ಯಾವ ಅಡಿಕೆ ಮಂಡಿಯವರು ಯಾರಿಗೆ ಕೈಸಾಲ ಕೊಟ್ಟಿದ್ದಾರೆ, ಯಾವ ಅಕ್ಕಿ ಮಿಲ್ಲಿನ ಅಣ್ಣತಮ್ಮಂದಿರ ಪಾಲು ಇನ್ನೂ ಬಗೆಹರಿದಿಲ್ಲ, ಎಲ್ಲ ಅದರಲ್ಲೇ, ಪೆನ್ಸಿಲ್‌ನಲ್ಲಿ. ಜನವರಿಯಲ್ಲಿ ಅವರು ಹುಷಾರಿಲ್ಲದೆ ಎರಡು ವಾರ ಬರಲಿಲ್ಲ. ಅದೇ ಹೊತ್ತಿಗೆ ಒಂದು ನೋಟಿಸಿಗೆ ಉತ್ತರ ಕೊಡಬೇಕಾಯಿತು. ಅವರ ಮನೆಯವರು ಫೋನಿನಲ್ಲಿ ಒಂದೊಂದೇ ಪುಟ ತಿರುಗಿಸಿ ಓದಿದರು, ನಾನು ಬರೆದುಕೊಂಡೆ. ಅವತ್ತು ನಿಜಕ್ಕೂ ಹೆದರಿದೆ.

"ಇಷ್ಟು ವರ್ಷ ನಡೆದಿಲ್ವೇನಮ್ಮಾ?" ಅಂತಾರೆ ಸರ್. ಅವರ ಮನಸ್ಸು ನೋಯಿಸದೆ ಹೇಗೆ ಮುಂದುವರಿಯಲಿ?

ಹುಬ್ಬಳ್ಳಿ ಪ್ರಾಕ್ಟೀಸ್:
ಮೇಡಂ, ಆಗಸ್ಟ್‌ನಲ್ಲಿ ಶುರು ಮಾಡಿದ್ದೇ ಎಡವಟ್ಟು. ಸೆಪ್ಟೆಂಬರ್ 30ರ ಟ್ಯಾಕ್ಸ್ ಆಡಿಟ್ ಗಡುವು ತಲೆ ಮೇಲೆ ಕೂತಿರುವಾಗ ಯಾರು ಹೊಸದು ಕಲಿಯುತ್ತಾರೆ? ಈಗ ಫೆಬ್ರವರಿ, ಈಗಲೇ ಶುರು ಮಾಡಿ. ಅದೂ ಹತ್ತೇ ಹತ್ತು ಫೈಲು, ನಿಮ್ಮವೇ.

2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎಲ್ಲ ಆಫೀಸುಗಳೂ ಬದಲಾದವು. 2019ರಲ್ಲಿ ಯುಡಿಐಎನ್, ಅಂದ್ರೆ ಸಿಎ ಸಹಿ ಮಾಡುವ ಸರ್ಟಿಫಿಕೇಟ್, ರಿಪೋರ್ಟ್‌ಗಳಿಗೆ ಹಾಕಬೇಕಾದ ಗುರುತಿನ ಸಂಖ್ಯೆ, ಕಡ್ಡಾಯವಾದಾಗಲೂ ಅಷ್ಟೇ. ಯಾಕಂದ್ರೆ ಬೇರೆ ದಾರಿ ಇರಲಿಲ್ಲ. ಕಂಪನಿಯಲ್ಲಾದರೆ ಎಂಡಿ ಒಂದು ಸುತ್ತೋಲೆ ಹಾಕಿದರೆ ಆಯಿತು. ನಮ್ಮಲ್ಲಿ ಎಲ್ಲರೂ ಮಾಲೀಕರು, ಒಬ್ಬರ ಮಾತು ಇನ್ನೊಬ್ಬರು ಕೇಳಲೇಬೇಕು ಅಂತಿಲ್ಲ. ಅದಕ್ಕೇ ನಿಯಮವನ್ನು ಮುಂದಿಡಿ. ಆಡಿಟ್ ರಿಪೋರ್ಟ್‌ಗೆ ಸಹಿಯಾದ 60 ದಿನದೊಳಗೆ ಫೈಲು ಜೋಡಿಸಿ ಮುಗಿಸಬೇಕು, 7 ವರ್ಷ ಇಟ್ಟುಕೊಳ್ಳಬೇಕು. ಪೀರ್ ರಿವ್ಯೂಗೆ, ಅಂದ್ರೆ ನಮ್ಮ ಕೆಲಸ ಪರಿಶೀಲಿಸೋಕೆ, ಬಂದ ಬೇರೆ ಸಿಎ ಫೈಲು ಕೇಳುತ್ತಾರೆ, ಡೈರಿ ಅಲ್ಲ.

ಮೈಸೂರು ಹಿರಿಯ:
ನನ್ನ ಹತ್ತಿರವೂ ಅಂಥದೇ ಡೈರಿ ಇತ್ತಮ್ಮ. ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟೆ. ನಿಮ್ಮ ಸರ್‌ಗೆ ಕಂಪ್ಯೂಟರ್ ಮೇಲೆ ಸಿಟ್ಟಿಲ್ಲ. ಅದರಲ್ಲಿ ಎಲ್ಲ ಹಾಕಿಬಿಟ್ಟರೆ ನನ್ನನ್ನು ಯಾರು ಕೇಳ್ತಾರೆ ಅನ್ನೋ ಅಳುಕು. ನನಗೂ ಅದೇ ಇತ್ತು.

ಇನ್ನೊಂದು ಮಾತು. ನಿಮ್ಮಲ್ಲಿ ಲಾಭದ ಪಾಲು ಹೇಗೆ? ನಮ್ಮಲ್ಲಿ ಯಾರ ಕ್ಲೈಂಟೋ ಅವರಿಗೇ ಜಾಸ್ತಿ ಪಾಲು ಅಂತಿತ್ತು. ಅದು ಇರೋವರೆಗೂ ಯಾರೂ ಇನ್ನೊಬ್ಬರಿಗೆ ಫೈಲು ಬಿಚ್ಚಿ ತೋರಿಸಲಿಲ್ಲ. ಮೊದಲು ಪಾಲು ಸರಿಮಾಡಿಕೊಂಡೆವು, ಆಮೇಲೆ ಫೈಲುಗಳು ತಾವಾಗಿಯೇ ಹೊರಗೆ ಬಂದವು.

ಅವರ ಹತ್ತಿರ ಡೈರಿ ಕೇಳಬೇಡಿ. ಕಲಿಸಿಕೊಡಿ ಅಂತ ಕೇಳಿ. 2023ರ ಜುಲೈನಿಂದ ಹೊಸದಾಗಿ ಸೇರುವವರಿಗೆ ಆರ್ಟಿಕಲ್‌ಶಿಪ್ ಮೂರು ವರ್ಷದ ಬದಲು ಎರಡೇ ವರ್ಷ. ಪಕ್ಕದಲ್ಲಿ ಕೂತು ನೋಡಿ ಕಲಿಯೋಕೆ ಮಕ್ಕಳಿಗೆ ಪುರುಸೊತ್ತೇ ಇಲ್ಲ. ಅದನ್ನು ಹೇಳಿ, ಅವರು ಕರಗುತ್ತಾರೆ.

ದಾವಣಗೆರೆ ಸಿಎ:
ಪಾಲಿನ ವಿಷಯ ನನಗೆ ಹೊಳೆದೇ ಇರಲಿಲ್ಲ ಸರ್. ನಮ್ಮಲ್ಲೂ ಅದೇ ಪದ್ಧತಿ. ಮಾರ್ಚ್‌ನ ಮೀಟಿಂಗಿನಲ್ಲಿ ಮಾತಾಡುತ್ತೇನೆ.

ನಿನ್ನೆ ಸಂಜೆ ಕಾಫಿ ಹೊತ್ತಿಗೆ ಸರ್ ಎದುರು ಒಬ್ಬ ಆರ್ಟಿಕಲ್ ಹುಡುಗಿಯನ್ನು ಕೂರಿಸಿ, ಒಂದೇ ಒಂದು ಮಂಡಿಯ ವಿಷಯ ಹೇಳಿಕೊಡಿ ಅಂದೆ. ನಲವತ್ತು ನಿಮಿಷ ಹೇಳಿದರು, ಕಾಫಿ ಆರಿ ಹೋಯಿತು. ಅವಳು ಲ್ಯಾಪ್‌ಟಾಪಿನಲ್ಲಿ ಎರಡು ಪುಟ ಬರೆದು ಪ್ರಿಂಟ್ ತಂದುಕೊಟ್ಟಳು. ಸರ್ ಪೂರ್ತಿ ಓದಿ, ಪೆನ್ಸಿಲ್ ತೆಗೆದು ಒಂದು ಇನಿಷಿಯಲ್ ತಿದ್ದಿದರು. "ನಾಳೆ ಮಿಲ್ಲಿನದು ಹೇಳ್ತೀನಿ" ಅಂದರು.