ದೊಡ್ಡಪ್ಪನ ಫಾರ್ವರ್ಡು, ಅತ್ತೆಯ ಹಲ್ಲು

ನಮ್ಮ ದಾವಣಗೆರೆ ಮನೆಯವರ ಗುಂಪಿಗೆ ದೊಡ್ಡಪ್ಪ ಬೆಳಿಗ್ಗೆಯೇ ಒಂದು ಫಾರ್ವರ್ಡ್ ಹಾಕಿದರು. ಅದನ್ನು ಯಾರೂ ಪೂರ್ತಿ ಓದಿಲ್ಲ ಅಂತ ನನ್ನ ಗುಮಾನಿ, ಕಳಿಸಿದವರೂ ಸೇರಿ.

"ಎಚ್ಚರ! ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ತಣ್ಣನೆ ಗಾಳಿ ಹೊಡೆದು ಬಾಯಿ ಸೊಟ್ಟ ಆಗುತ್ತಿದೆ. ಇದೂ ಲಕ್ವವೇ. ಆಸ್ಪತ್ರೆಗೆ ಹೋಗಬೇಡಿ, ಸ್ಟೀರಾಯ್ಡ್ ಕೊಟ್ಟು ಕೆಡಿಸುತ್ತಾರೆ. ಎಣ್ಣೆ ತಿಕ್ಕಿ. ಹತ್ತು ಜನಕ್ಕೆ ಕಳಿಸಿ."

ದೊಡ್ಡಪ್ಪ: ಒದ್ದೆ ತಲೆಯಲ್ಲಿ ಗಾಡಿ ಹತ್ತಬೇಡಿ ಅಂತ ಎಷ್ಟು ಸಲ ಹೇಳಿದ್ದೇನೆ. ಈಗಿನ ಹುಡುಗರು ಎಲ್ಲಿ ಕೇಳುತ್ತಾರೆ?

ತಂಗಿ (ಫಿಸಿಯೋಥೆರಪಿ ಓದಿದವಳು, ಎಲ್ಲದಕ್ಕೂ ಆಧಾರ ಕೇಳುವವಳು): ಬರೆದ ಡಾಕ್ಟರು ಯಾರು ದೊಡ್ಡಪ್ಪ? ಹೆಸರೇ ಇಲ್ಲ. ಇದು ಬೆಲ್ಸ್ ಪಾಲ್ಸಿ ಇರಬಹುದು. ಮುಖ ಆಡಿಸುವ ಏಳನೇ ನರ ಕಿವಿಯ ಹತ್ತಿರ ಎಲುಬಿನ ಕಿರಿದಾದ ದಾರಿಯಲ್ಲಿ ಹೋಗುತ್ತದೆ. ಅಲ್ಲಿ ನರ ಊದಿಕೊಂಡರೆ ಅದುಮಿದ ಹಾಗಾಗಿ ಮುಖದ ಒಂದು ಬದಿ ಸೋಲುತ್ತದೆ. ಊತ ಇಳಿಸೋಕೇ ಸ್ಟೀರಾಯ್ಡ್, ಅದೂ 72 ಗಂಟೆಯೊಳಗೆ ಶುರುವಾಗಬೇಕು. ಕಣ್ಣು ಮುಚ್ಚಲು ಬರಲ್ಲ, ಹಾಗಾಗಿ ಡ್ರಾಪ್ಸ್ ಬೇಕು, ರಾತ್ರಿ ಟೇಪ್ ಹಚ್ಚಬೇಕು. ಹೆಚ್ಚಿನವರು ಕೆಲವು ವಾರ, ತಿಂಗಳಲ್ಲಿ ಸರಿಹೋಗುತ್ತಾರೆ. ಮಿದುಳಿನಿಂದ ಬರುವ ಲಕ್ವದಲ್ಲಿ ಸಾಮಾನ್ಯವಾಗಿ ಹಣೆ ಸುಕ್ಕು ಮಾಡಲು ಬರುತ್ತದೆ, ಇದರಲ್ಲಿ ಬರಲ್ಲ. ಆದರೆ ಮನೆಯಲ್ಲಿ ಕೂತು ಅದನ್ನೆಲ್ಲ ಪರೀಕ್ಷೆ ಮಾಡಬೇಡಿ. ಮುಖ ಸೊಟ್ಟ ಆದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಈ ಹೆಸರು ಬಂದದ್ದೇ ಚಾರ್ಲ್ಸ್ ಬೆಲ್ ಎಂಬ ಡಾಕ್ಟರಿಂದ, ಮುಖದ ನರಗಳ ಬಗ್ಗೆ ಅವನು 1821ರಲ್ಲೇ ಬರೆದಿದ್ದಾನೆ!

ಇಷ್ಟು ಬರೆದದ್ದಕ್ಕೆ ಬಂದದ್ದು ಒಂದು ಕೈಮುಗಿದ ಚಿತ್ರ. ಅದೂ ದೊಡ್ಡಪ್ಪನ ಮೆಸೇಜಿಗೆ.

ಹುಬ್ಬಳ್ಳಿ ಅಣ್ಣ: ಬೆಲ್ ಅಂದ ಕೂಡಲೇ ನಮ್ಮ ಹತ್ತಿ ಮಿಲ್ಲಿನ ಸೈರನ್ ನೆನಪಾಯ್ತು. ಅದು ಕೂಗಿದರೆ ಅಜ್ಜ ಗಡಿಯಾರ ಸರಿ ಮಾಡೋರು. ಸಂಜೆ ಮಂಡಕ್ಕಿ, ಮಿರ್ಚಿ. ಆ ರುಚಿ ಈಗೆಲ್ಲಿ?

ಚಿಕ್ಕಮ್ಮ: ಮಿರ್ಚಿ ತಿಂದು ನೀನು ಒಂದು ವಾರ ಹಾಸಿಗೆ ಹಿಡಿದಿದ್ದೆ, ಅದನ್ನೂ ಹೇಳು.

ದೊಡ್ಡಪ್ಪ: ಬೆಲ್ಲೋ ಗಿಲ್ಲೋ! ನಮ್ಮವ್ವ ಎಣ್ಣೆ ತಿಕ್ಕಿಯೇ ಊರು ವಾಸಿ ಮಾಡಿದಳು. ಎರಡಕ್ಷರ ಓದಿದ ಕೂಡಲೇ ದೊಡ್ಡವರಿಗೆ ಬುದ್ಧಿ ಹೇಳೋದಾ?

ಚಿಕ್ಕಪ್ಪ: ಅಣ್ಣ, ಬುದ್ಧಿ ವಿಷಯ ಬಿಡು. ಅತ್ತಿಗೆ ತಂಗಿಯ ಗಂಡನ ಮಾತು ಕೇಳಿ ನಮ್ಮ ತಂಗಿಯ ಎರಡು ಹಲ್ಲು ಕೀಳಿಸಿದ್ದು ಯಾರು?

ಚಿಕ್ಕಪ್ಪ ಹೇಳಿದ ತಂಗಿ ಅಂದರೆ ನಮ್ಮ ಅತ್ತೆ. ಇಲ್ಲಿಂದ ಗುಂಪಿಗೆ ಜೀವ ಬಂತು. ಬೆಳಿಗ್ಗೆಯಿಂದ ಸುಮ್ಮನಿದ್ದವರೆಲ್ಲ ಟೈಪ್ ಮಾಡತೊಡಗಿದರು.

ತಂಗಿ: ಅತ್ತೆಗೆ ಹಲ್ಲುನೋವು ಇರಲೇ ಇಲ್ಲ. ಐದನೇ ನರದ ತೊಂದರೆ, ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಮುಖ ತೊಳೆದರೆ, ಹಲ್ಲುಜ್ಜಿದರೆ ಕರೆಂಟ್ ಹೊಡೆದ ಹಾಗೆ ನೋವು. ಎಷ್ಟೋ ಸಲ ರಕ್ತನಾಳ ನರಕ್ಕೆ ಒತ್ತಿಕೊಂಡು ಹೀಗಾಗುತ್ತದೆ. ಕೊನೆಗೆ ಕಾರ್ಬಮಜೆಪಿನ್ ಮಾತ್ರೆಗೆ ಕಡಿಮೆಯಾಯ್ತಲ್ಲ? ಮಾತ್ರೆಗೆ ಬಗ್ಗದಿದ್ದರೆ ಆಪರೇಷನ್ ಮಾಡಿ ನರಕ್ಕೂ ರಕ್ತನಾಳಕ್ಕೂ ಮಧ್ಯೆ ಚಿಕ್ಕ ಮೆತ್ತೆ ಇಡುತ್ತಾರೆ.

ದೊಡ್ಡಪ್ಪ: ಕೀಳಿಸಿದ್ದು ಮಾತ್ರ ನೆನಪಿದೆ. ಆಮೇಲೆ ಹಲ್ಲು ಕಟ್ಟಿಸಿದ ದುಡ್ಡು ಯಾರದು? ಆ ಲೆಕ್ಕ ಯಾರೂ ಎತ್ತಲ್ಲ.

ಅತ್ತೆ: ಕಟ್ಟಿಸಿದ ಹಲ್ಲು ಇವತ್ತಿಗೂ ಸರಿಯಾಗಿ ಕೂರಲ್ಲ ಅಣ್ಣ.