ಹಳ್ಳಿ ಕಡೆಯ ಹುಡುಗಿಯರಿಗೆ ಜೀನೋಮಿಕ್ಸ್ ಆಸೆ: ದುಡ್ಡು, ದಾರಿ ಎರಡೂ ಬೇಕು, ಅನುಭವ ಇದ್ದವರು ಹೇಳಿ

ಕೇಳಿದವರು (ಯಾದಗಿರಿ ಕಡೆಯ ಉಪನ್ಯಾಸಕಿ): ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಬಿಎಸ್ಸಿ ಎರಡನೇ ವರ್ಷದ ಮೂವರು ಹುಡುಗಿಯರಿಗೆ ಜೀನೋಮಿಕ್ಸ್ (ಜೀವಿಯ ಇಡೀ ಡಿಎನ್‌ಎ, ಅಂದರೆ ಜೀನೋಮ್, ಓದಿ ತಿಳಿಯುವ ವಿದ್ಯೆ) ಹುಚ್ಚು ಹಿಡಿದಿದೆ. ಮೂವರ ಮನೆಯಲ್ಲೂ ಕಾಲೇಜು ಮೆಟ್ಟಿಲು ಹತ್ತಿದವರು ಇವರೇ ಮೊದಲು. ನಮ್ಮ ಲ್ಯಾಬಿನಲ್ಲಿ ಡಿಎನ್‌ಎ ತುಣುಕಿನ ಪ್ರತಿ ಮಾಡುವ ಪಿಸಿಆರ್ ಯಂತ್ರ ಕೂಡ ಇಲ್ಲ. ಎಲ್ಲಿಂದ ಶುರು ಮಾಡಲಿ?

ರಾಯಚೂರಿನವನು, ಈಗ ಬೆಂಗಳೂರಿನಲ್ಲಿ ಪಿಎಚ್‌ಡಿ: ಮೇಡಂ, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಮೂವರ ಕೈಲೂ ಅರ್ಜಿ ಹಾಕಿಸಿ. ಎರಡು ತಿಂಗಳು ಒಳ್ಳೆಯ ಲ್ಯಾಬ್, ಜೊತೆಗೆ ಸ್ಟೈಪೆಂಡ್. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಅರ್ಜಿ. ಬೆಂಗಳೂರಿನ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್‌ದು ಬೇರೆ ಇದೆ, ಅದನ್ನೂ ಬಿಡಬೇಡಿ.

ನಿಮ್ಮ ಶಿಫಾರಸು ಪತ್ರದಲ್ಲಿ ‘ಶ್ರದ್ಧೆಯುಳ್ಳ ವಿದ್ಯಾರ್ಥಿನಿ’ ಅಂತ ಬರೆದರೆ ಯಾರೂ ಓದಲ್ಲ. ನಾನು ಹಾರ್ಲಿಕ್ಸ್ ಬಾಟಲಿಯಲ್ಲಿ ಬಾಳೆಹಣ್ಣು ಹಾಕಿ ಹಣ್ಣುನೊಣ ಸಾಕಿದ್ದೆ, ನಾಲ್ಕು ತಲೆಮಾರಿನ ಲೆಕ್ಕ ಇಟ್ಟಿದ್ದೆ. ನಮ್ಮ ಮೇಷ್ಟ್ರು ಅದನ್ನೇ ಬರೆದರು.

ಇನ್ನೊಂದು ಮಾತು. ನಾನು ಮೊದಲು ಇಂಟರ್ನ್‌ಶಿಪ್‌ಗೆ ಹೋದ ಜಾಗದ ಹೆಸರು ಬೇಡ. ಅಲ್ಲಿ ಸ್ಟೈಪೆಂಡ್ ಬಂದದ್ದು ಕೊನೆಗೆ. ರೂಮಿನ ಅಡ್ವಾನ್ಸ್, ಮೆಸ್ ದುಡ್ಡು ಮಾತ್ರ ಮೊದಲ ದಿನವೇ ಕೊಡಬೇಕಿತ್ತು. ಸೀಟು ಸಿಕ್ಕಿದ್ದರೂ ಹೋಗದೆ ಉಳಿದವರನ್ನು ನಾನು ಬಲ್ಲೆ. ನನಗೆ ಮೇಷ್ಟ್ರು ಎಂಟು ಸಾವಿರ ಕೈಗಿಟ್ಟು ಬಸ್ ಹತ್ತಿಸಿದರು. ವಾಪಸ್ ಕೊಟ್ಟಾಗ ಅದನ್ನೇ ಮುಂದಿನ ವರ್ಷದ ಹುಡುಗನಿಗೆ ಕೊಟ್ಟರು. ಕೆಲಸಕ್ಕೆ ಸೇರಿದವರು ಒಂದಿಷ್ಟು ಸೇರಿಸುತ್ತಾ ಬಂದಿದ್ದೇವೆ. ಆ ದುಡ್ಡು ಇನ್ನೂ ಓಡಾಡುತ್ತಲೇ ಇದೆ. ದೊಡ್ಡ ಫೆಲೋಶಿಪ್‌ಗಿಂತ ಮೊದಲು ಇಂಥದ್ದೊಂದು ಗಂಟು ಮಾಡಿಟ್ಟುಕೊಳ್ಳಿ.

ಮೈಸೂರಿನಿಂದ, ಡಯಾಗ್ನೋಸ್ಟಿಕ್ ಲ್ಯಾಬ್ ಉದ್ಯೋಗಿ: ಕಾಗದಪತ್ರ ಈಗಲೇ ನೋಡಿ. ಆಧಾರ್, ಮಾರ್ಕ್ಸ್ ಕಾರ್ಡ್, ಜಾತಿ-ಆದಾಯ ಪ್ರಮಾಣಪತ್ರ, ಎಲ್ಲದರಲ್ಲೂ ಹೆಸರು ಒಂದೇ ಥರ ಇರಲಿ. ನನ್ನ ಇನಿಷಿಯಲ್ ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. ಅಷ್ಟಕ್ಕೇ ಒಂದು ವರ್ಷದ ಸ್ಕಾಲರ್‌ಶಿಪ್ ಹೋಯಿತು. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯಾ ಅಂತಲೂ ಕೇಳಿ. ಖಾತೆ ಇದೆ ಅಂದ ಮಾತ್ರಕ್ಕೆ ದುಡ್ಡು ಬೀಳಲ್ಲ.

ಎಂಎಸ್ಸಿಗೆ ಜಿಎಟಿ-ಬಿ (ಬಯೋಟೆಕ್ನಾಲಜಿ ಪ್ರವೇಶ ಪರೀಕ್ಷೆ) ಬರೆಸಿ. ಅದರಲ್ಲಿ ಸೀಟು ಸಿಕ್ಕರೆ ತಿಂಗಳಿಗೆ ಸ್ಟೈಪೆಂಡ್ ಉಂಟು. ಪಿಎಚ್‌ಡಿ ಹೊತ್ತಿಗೆ ಸಿಎಸ್‌ಐಆರ್ ನೆಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಬೇರೆಯದೇ ರಾಷ್ಟ್ರೀಯ ಫೆಲೋಶಿಪ್‌ಗಳೂ ಇವೆ.

ಬಯೋಇನ್ಫರ್ಮ್ಯಾಟಿಕ್ಸ್ ಮಾಡುವವಳು, ಧಾರವಾಡ: ಪಿಸಿಆರ್ ಇಲ್ಲ ಅಂತ ಕೂರಬೇಡಿ. ಜೀನೋಮಿಕ್ಸ್‌ನ ಅರ್ಧ ಕೆಲಸ ಕಂಪ್ಯೂಟರಿನಲ್ಲೇ. ಡಿಎನ್‌ಎ ಡೇಟಾ ವಿಶ್ಲೇಷಿಸೋಕೆ ಗ್ಯಾಲಕ್ಸಿ ಅನ್ನೋ ವ್ಯವಸ್ಥೆ ಪುಕ್ಕಟೆ, ಬ್ರೌಸರಿನಲ್ಲೇ ನಡೆಯುತ್ತದೆ. ಲೆಕ್ಕವೆಲ್ಲ ಅವರ ಸರ್ವರಿನಲ್ಲಿ ಆಗೋದರಿಂದ ನಿಮ್ಮ ಕಾಲೇಜಿನ ಹಳೇ ಕಂಪ್ಯೂಟರೂ ಸಾಕು.

ಮೊದಲ ದಿನ ಏನೂ ಕಲಿಸಬೇಡಿ. ಒಂದು ಪುಟ್ಟ ಫಾಸ್ಟ್‌ಕ್ಯೂ ಫೈಲನ್ನು (ಡಿಎನ್‌ಎ ಓದುವ ಯಂತ್ರದ ಫಲಿತಾಂಶ ಇರುವ ಫೈಲು) ನೋಟ್‌ಪ್ಯಾಡಿನಲ್ಲಿ ತೆರೆಸಿ. ನಾಲ್ಕು ನಾಲ್ಕು ಸಾಲು. ಎರಡನೇ ಸಾಲಿನಲ್ಲಿ ಡಿಎನ್‌ಎಯ ಅಕ್ಷರಗಳಾದ ಎ, ಸಿ, ಜಿ, ಟಿ. ನಾಲ್ಕನೆಯದರಲ್ಲಿ ಯಾರೋ ಕೀಬೋರ್ಡ್ ಮೇಲೆ ಕೈ ಊರಿದ ಹಾಗೆ ಚಿಹ್ನೆಗಳು. ಅದೇನು ಅಂತ ಅವರೇ ಕೇಳುತ್ತಾರೆ. ಒಂದೊಂದು ಅಕ್ಷರವನ್ನು ಯಂತ್ರ ಎಷ್ಟು ಖಾತ್ರಿಯಿಂದ ಓದಿದೆ ಅನ್ನೋ ಅಂಕ ಅದು. ನನಗೆ ಹುಚ್ಚು ಹಿಡಿಸಿದ್ದೇ ಆ ನಾಲ್ಕನೇ ಸಾಲು!

ಆಮೇಲೆ ಹಲವು ದೇಶಗಳ ಜನರ ಡಿಎನ್‌ಎ ಓದಿದ 1000 ಜೀನೋಮ್ಸ್ ಯೋಜನೆಯ ಡೇಟಾ ತೋರಿಸಿ. ಅದರಲ್ಲಿ ಬ್ರಿಟನ್ನಿನ ತೆಲುಗರು, ಹ್ಯೂಸ್ಟನ್ನಿನ ಗುಜರಾತಿಗಳು ಇದ್ದಾರೆ. ಕನ್ನಡಿಗರು ಅಂತ ಒಂದು ಗುಂಪಿಲ್ಲ. ನಮ್ಮಲ್ಲಿ ಜೀನೋಮ್ ಇಂಡಿಯಾ ಯೋಜನೆ 2025ರ ಜನವರಿಯಲ್ಲಷ್ಟೇ 10,000 ಜನರ ಜೀನೋಮ್ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟಿತು. ಅದನ್ನು ಓದುವವರು ನಿಮ್ಮ ಕಡೆಯಿಂದಲೂ ಬರಬೇಕು ಅಲ್ವಾ?

ಮತ್ತೆ ರಾಯಚೂರಿನವನು: ಕಂಪ್ಯೂಟರ್ ಸರಿ, ಆದರೆ ಕೈಗೆ ಒಂದು ಪಿಪೆಟ್ಟೂ (ದ್ರಾವಣ ಅಳೆದು ಹಾಕುವ ಉಪಕರಣ) ಕೊಡಿ. ನಾನು ದ್ರಾವಣ ಎಳೆಯುವಾಗ ಗುಂಡಿಯನ್ನು ಎರಡನೇ ತಡೆತನಕ ಒತ್ತುತ್ತಿದ್ದೆ. ಮೊದಲ ತಡೆಗೆ ನಿಲ್ಲಿಸಬೇಕು, ಎರಡನೆಯದು ಹೊರಹಾಕೋಕೆ ಅಂತ ಗೊತ್ತಿರಲಿಲ್ಲ. ಒಂದು ವಾರ ಪ್ರಯೋಗ ಕೆಟ್ಟಿತು, ಕೇಳೋಕೆ ನಾಚಿಕೆ. ಕೊನೆಗೆ ಒಬ್ಬ ಸೀನಿಯರ್ ಅಕ್ಕ ಪಕ್ಕಕ್ಕೆ ಕರೆದು ಕನ್ನಡದಲ್ಲೇ ಹೇಳಿಕೊಟ್ಟರು. ಮೆಂಟರ್ ಅಂದರೆ ನನ್ನ ಮಟ್ಟಿಗೆ ಅವರೇ, ದೊಡ್ಡ ಪ್ರೊಫೆಸರ್ ಅಲ್ಲ. ನಿಮ್ಮ ಹುಡುಗಿಯರಿಗೆ ಭಾನುವಾರ ಅರ್ಧ ಗಂಟೆ ಫೋನಿನಲ್ಲಿ ಸಿಗುತ್ತೇನೆ. ಎಷ್ಟು ದಡ್ಡ ಪ್ರಶ್ನೆ ಆದರೂ ಸರಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇವತ್ತೇ ಮೂವರ ಆಧಾರ್ ನೋಡಿದೆ, ಒಬ್ಬಳ ಇನಿಷಿಯಲ್ ತಪ್ಪಾಗಿದೆ! ಗಂಟಿಗೆ ನಾನು, ನಮ್ಮ ಕೆಮಿಸ್ಟ್ರಿ ಸರ್ ಸೇರಿ ಐದು ಸಾವಿರ ಹಾಕಿದ್ದೇವೆ. ಅಕಾಡೆಮಿಗಳ ಆ ಬೇಸಿಗೆ ಫೆಲೋಶಿಪ್ ಅಧ್ಯಾಪಕರಿಗೂ ಇದೆಯಂತೆ, ಗೊತ್ತೇ ಇರಲಿಲ್ಲ. ನಾಲ್ಕನೇ ಅರ್ಜಿ ನನ್ನದು. ಭಾನುವಾರ ಹತ್ತು ಗಂಟೆಗೆ ಫೋನ್ ಮಾಡಿಸಲಾ?